ಲೋಟದೊಳಗಿನ ಏಣಿ

ಬೂದಿಕೋಟೆಯ ಅಮ್ಮಾಜಮ್ಮನಿಗೆ ತನ್ನ ಹೊಲದ ಮೇಲಿದ್ದ ಜಂಬ ಊರಿಗೆಲ್ಲ ಗೊತ್ತಿದ್ದದ್ದೇ. ಗಂಡ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು, ಸಗಣಿ ಗೊಬ್ಬರ ಬಿಟ್ಟು ಬೇರೇನನ್ನೂ ಹಾಕದೆ ರಾಗಿ ಬೆಳೆದವಳು. ಪಕ್ಕದ ಟೊಮೇಟೊ ತೋಟದ ಚಲಪತಿ ಔಷಧಿ ಡಬ್ಬ ಬೆನ್ನಿಗೇರಿಸಿದರೆ ಸಾಕು, ಮೂಗಿಗೆ ಸೆರಗು ಮುಚ್ಚಿಕೊಂಡು, "ಲೇ ಚಲಪತಿ, ನಿನ್ ಮಣ್ಣು ಸತ್ತೋಯ್ತು ಕಣ್ಲಾ" ಎಂದು ಬದುವಿನಾಚೆಗೂ ಕೇಳುವಂತೆ ಕೂಗುವಳು. ವರಸೆಯಲ್ಲಿ ತಮ್ಮನಾಗಬೇಕಾದ ಚಲಪತಿ ಹಲ್ಲು ಕಿರಿದು ಸುಮ್ಮನಾಗುವನು.

ಆ ಮುಂಗಾರಿನಲ್ಲಿ ಚಿನ್ನದ ಗಣಿಯ ಕೋರಮಂಡಲ್‌ನಿಂದ ರಾಧ ಎಂಬ ಹುಡುಗಿ ಇಬ್ಬರ ಹೊಲಕ್ಕೂ ಬಂದಳು. ಅವಳು ಓದುತ್ತಿದ್ದದ್ದು ನೆಲದ ಮೇಲೆ ಓಡಾಡುವ ಜೀರುಂಡೆಗಳ ಬಗ್ಗೆ. ಔಷಧಿ ಕಂಡ ಮಣ್ಣಿನಲ್ಲಿ ಎಷ್ಟು ಬಗೆ, ಕಾಣದ ಮಣ್ಣಿನಲ್ಲಿ ಎಷ್ಟು ಬಗೆ ಎಂದು ನೋಡಬೇಕಿತ್ತು. ಪ್ಲಾಸ್ಟಿಕ್ ಲೋಟಗಳನ್ನು ಅಂಚು ನೆಲಕ್ಕೆ ಸಮನಾಗುವಂತೆ ಹೂತು, ಒಳಗೆ ಉಪ್ಪುನೀರು ಹಾಕಿದಳು. ಬೇಟೆಗೆ ಹೊರಟ ಹುಳ ಅದರೊಳಗೆ ಬಿದ್ದು ಸಾಯುತ್ತದೆ. ವಾರಕ್ಕೊಮ್ಮೆ ಸೋಸಿ, ಬಾಟಲಿಗೆ ತುಂಬಿ, ಬಂಗಾರಪೇಟೆ ಬಸ್ಸಿಗೆ ಕೊಟ್ಟು ಅವಳಿಗೆ ಕಳುಹಿಸುವುದು ಹೊಲದವರ ಕೆಲಸ.

"ಕರೀ ಉಳ ತಾನೆ? ಎಲ್ಲಾ ಒಂದೇ ಅಲ್ವೇನಮ್ಮ?" ಎಂದು ಅಮ್ಮಾಜಮ್ಮ ಕೇಳಿದಳು.

"ಕುಟುಂಬ ಒಂದೇ ದೊಡ್ಡಮ್ಮ. ಅದರೊಳಗೆ ಎಷ್ಟು ಮನೆಗಳಿವೆ ನೋಡಿ" ಎಂದು ರಾಧ ಫೋನಿನಲ್ಲಿ ಚಿತ್ರ ತೋರಿಸಿದಳು. ಸಣ್ಣ ಸೊಂಟದ, ದೊಡ್ಡ ಹಲ್ಲಿನ, ನೆಲ ಅಗೆಯುವಂಥದ್ದು ಒಂದು. ಹಸಿರು ಹೊಳಪಿನದು ಇನ್ನೊಂದು. ಮುಟ್ಟಿದರೆ ಆಸ್ಪತ್ರೆ ವಾಸನೆ ಬಿಡುತ್ತದಂತೆ. ಕರೀ ಮೈಗೆ ಆರು ಬಿಳಿ ಬೊಟ್ಟಿಟ್ಟುಕೊಂಡ ದಪ್ಪನೆಯದು ಮತ್ತೊಂದು. ಅದಕ್ಕೆ ಹಾರಲು ಬಾರದು. ಬೆನ್ನಿನ ಗೀರು, ಕಣ್ಣಿನ ಮೇಲಿನ ಕೂದಲು, ಮುಂಗಾಲಿನಲ್ಲಿ ಮೀಸೆ ತೀಡಿಕೊಳ್ಳುವ ಕಚ್ಚು, ಇವನ್ನೆಲ್ಲ ನೋಡಿ ಯಾವುದು ಯಾವ ಮನೆಯದು ಎಂದು ಹೇಳುತ್ತಾರಂತೆ. ಹೆಣ್ಣು ಕೇಳಲು ಹೋದಾಗ ಕುಲ, ಮನೆದೇವರು ವಿಚಾರಿಸುವ ಹಾಗೆ ಅನ್ನಿಸಿ ಅಮ್ಮಾಜಮ್ಮನಿಗೆ ವಿಷಯ ಹಿಡಿಸಿಬಿಟ್ಟಿತು. "ನನ್ ಒಲ್ದಾಗೆ ಎಲ್ಲಾ ಮನೆಯೋರೂ ಅವ್ರೆ, ನೋಡ್ಕೋ" ಎಂದಳು.

ಎರಡು ತಿಂಗಳು ಕಳೆದ ಮೇಲೆ ರಾಧ ಮತ್ತೆ ಬಂದಾಗ ಅಮ್ಮಾಜಮ್ಮ ಡೇರಿಯ ಮುಂದೆ ಹಾಲು ಹಿಡಿದು ನಿಂತಿದ್ದಳು. ರಾಧ ಸಂಕೋಚದಿಂದಲೇ ಹೇಳಿದಳು: "ದೊಡ್ಡಮ್ಮ, ಚಲಪತಿಯಣ್ಣನ ತೋಟದಲ್ಲಿ ನಾಲ್ಕೈದು ಬಗೆ ಸಿಕ್ಕಿವೆ. ನಿಮ್ಮ ಬಾಟಲಿಯಲ್ಲಿ ಇರುವೆ, ಸೊಳ್ಳೆ ಅಷ್ಟೇ. ಹೀಗೇ ಆದ್ರೆ ನಿಮ್ಮ ಹೊಲದಲ್ಲಿ ಜೀರುಂಡೆ ಇಲ್ಲ ಅಂತ ಬರೀಬೇಕಾಗುತ್ತೆ."

ಸರತಿಯಲ್ಲಿದ್ದ ಚಲಪತಿ ಇಷ್ಟು ವರ್ಷದ ಬಾಕಿಯನ್ನು ಒಂದೇ ಮಾತಿನಲ್ಲಿ ತೀರಿಸಿದ: "ಯಾರ್ ಮಣ್ಣಕ್ಕಾ ಸತ್ತಿರೋದು?"

ಎಲ್ಲರೂ ನಕ್ಕರು. ಅಮ್ಮಾಜಮ್ಮನ ಮುಖ ಸಣ್ಣದಾಯಿತು. ಇಷ್ಟು ಕಾಲ ತಾನು ಸಾಕಿದ್ದು ಸತ್ತ ಹೊಲವನ್ನೇ ಎಂದು ಊರೆದುರು ಹೇಳಿಸಿಕೊಂಡದ್ದು ಅವಳಿಗೆ ತಡೆಯಲಾಗಲಿಲ್ಲ. "ನನ್ ಕಣ್ಣಾರೆ ನೋಡಿವ್ನಿ. ಬಾರಮ್ಮ ತೋರಿಸ್ತೀನಿ" ಎಂದು ರಾಧಳ ಕೈ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದಳು.

ರಾಧ ಮೊದಲ ಲೋಟದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನೀರಿನೊಳಗಿಂದ ಅಂಚಿನವರೆಗೆ ಒಂದು ಹೊಂಗೆಕಡ್ಡಿ ಓರೆಯಾಗಿ ನಿಂತಿತ್ತು. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು.

"ಇದೇನು ದೊಡ್ಡಮ್ಮ?"

"ಏಣಿ" ಎಂದಳು ಅಮ್ಮಾಜಮ್ಮ, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ.

ಅವಳು ಹುಟ್ಟಿದ್ದು ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಆಳುಗಳ ಲೈನುಮನೆಯಲ್ಲಿ. ಒಂದು ದಿನ ಆಳುಗಳನ್ನು ಮೇಲೆ ತರುವ ಕೇಜು ಕೆಟ್ಟು ನಿಂತು, ಅವಳ ಅಪ್ಪ ಮುನಿಸ್ವಾಮಪ್ಪ ಕತ್ತಲೆಯಲ್ಲಿ ಏಣಿ ಮೇಲೆ ಏಣಿ ಹತ್ತಿಕೊಂಡು ಬಂದಿದ್ದ. ಗೇಟಿನ ಹತ್ತಿರ ಇವಳನ್ನು ಸೊಂಟಕ್ಕೆ ಅವುಚಿಕೊಂಡು ಕಾದಿದ್ದ ಅಮ್ಮ ಅಳಲೂ ಇಲ್ಲ, ನಗಲೂ ಇಲ್ಲ. "ಬಂದ್ರಾ?" ಎಂದಷ್ಟೇ ಕೇಳಿದಳು. ಅಂದಿನಿಂದ ಅಪ್ಪ ನೀರು ನಿಲ್ಲುವ ಯಾವುದಕ್ಕೂ, ಬಿದ್ದ ಹುಳ ಹತ್ತಿ ಬರಲೆಂದು, ಒಂದು ಕಡ್ಡಿ ಇಡದೆ ಬಿಡುತ್ತಿರಲಿಲ್ಲ. ಮದುವೆಯಾಗಿ ಬೂದಿಕೋಟೆಗೆ ಬಂದ ಮಗಳೂ ದನದ ತೊಟ್ಟಿಗೆ ಇಟ್ಟಳು, ಬಚ್ಚಲ ಬಾನಿಗೆ ಇಟ್ಟಳು, ಲೋಟಕ್ಕೂ ಇಟ್ಟಳು. ಹೇಳಬೇಕಾದ ಸಂಗತಿ ಎಂದೇ ಅವಳಿಗೆ ತೋಚಿರಲಿಲ್ಲ.

ರಾಧ ತಲೆಯ ಮೇಲೆ ಕೈಹೊತ್ತು ಬದುವಿನ ಮೇಲೆ ಕೂತಳು. "ಬಿದ್ದ ಜೀರುಂಡೆಗಳೆಲ್ಲ ಹತ್ತಿಕೊಂಡು ಹೋಗಿವೆ, ದೊಡ್ಡಮ್ಮ! ಕಡ್ಡಿ ತೆಗೆದುಬಿಡಿ. ಒಂದೇ ವಾರ ಸಾಕು, ನಿಮ್ಮ ಹೊಲ ಎಂಥದು ಅಂತ ಊರಿಗೇ ಗೊತ್ತಾಗುತ್ತೆ."

ಅಮ್ಮಾಜಮ್ಮ ಬಗ್ಗಿ ಒಂದು ಕಡ್ಡಿ ತೆಗೆದಳು. ಚಲಪತಿಯ ನಗು ಇನ್ನೂ ಕಿವಿಯಲ್ಲಿತ್ತು. ಕಡ್ಡಿಯನ್ನು ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನು ಇದ್ದಲ್ಲೇ ಇಟ್ಟುಬಿಟ್ಟಳು.

"ಬ್ಯಾಡ ಕಣಮ್ಮ. ಇಲ್ಲ ಅಂತ್ಲೇ ಬರ್ಕೋ. ಸತ್ತಿರೋ ಒಲ ಅಂತ್ಲೇ ಅಂದ್ಕೊಳ್ಲಿ" ಎಂದಳು.

ರಾಧ ಎದ್ದು ಬಂದು ಲೋಟದೊಳಗೆ ಬಗ್ಗಿ ನೋಡಿದಳು. "ನೀರೇ ಹಾಕದಿದ್ರೆ?" ಎಂದಳು. "ಎರಡೂ ಹೊಲದಲ್ಲಿ ಒಣ ಲೋಟ ಇಡೋಣ. ದಿನಾ ಬಿಸಿಲೇರೋ ಮುಂಚೆ ಬಂದು ನೋಡಿ, ಎಣಿಸಿ ಬಿಟ್ಟುಬಿಡೋದು. ನನಗೆ ಗುರುತು ಸಿಗದ ಬಗೇಲಿ ಮಾತ್ರ ಒಂದೊಂದು ಇಟ್ಕೋಬೇಕು. ಅದು ಸಾಯುತ್ತೆ, ನಿಮ್ಮ ಹತ್ರ ಸುಳ್ಳು ಹೇಳಲ್ಲ."

"ಒಂದೊಂದೇ ತಾನೆ?" ಎಂದು ಎರಡು ಸಲ ಕೇಳಿ ಅಮ್ಮಾಜಮ್ಮ ಒಪ್ಪಿದಳು.

ಮಾರನೆಯ ಬೆಳಗ್ಗೆ ಹಾಲು ಕರೆದು ಅವಳು ಹೊಲಕ್ಕೆ ಬರುವಷ್ಟರಲ್ಲಿ ರಾಧಳ ಜೊತೆ ಚಲಪತಿಯೂ ಬಂದು ನಿಂತಿದ್ದ. ಒಳಗೆ ಹಾಕಿದ್ದ ತರಗೆಲೆ ಸರಿಸಿದರೆ ಲೋಟದೊಳಗೆ ಸರಸರ ಸದ್ದು. ಹಳದಿ ಮಚ್ಚೆಯದೊಂದನ್ನು ಚಲಪತಿ ಎತ್ತಲು ಹೋದ. ಅದರ ಹಿಂಬದಿಯಿಂದ ಪಟ್ಟೆಂದು ಬಿಸಿ ಹೊಗೆ ಹಾರಿ, ಬೆರಳು ಚುರುಗುಟ್ಟಿ ಕಂದು ಕಲೆಯಾಯಿತು. "ಅಯ್ಯಪ್ಪಾ!" ಎಂದು ಕೈ ಒದರಿದ. ರಾಧ ಬೆರಳು ಮಡಿಸುತ್ತ ಬಗೆ ಎಣಿಸಿದಳು. ಎರಡೂ ಕೈ ಬೆರಳು ಮುಗಿದು ಮತ್ತೆ ಮೊದಲಿನಿಂದ ಮಡಿಸಬೇಕಾಯಿತು. ಗುರುತು ಸಿಗದ ಎರಡು ಹುಳ ಬಾಟಲಿ ಸೇರಿದವು. ಆಗ ಅಮ್ಮಾಜಮ್ಮ ಆಚೆ ಮುಖ ಮಾಡಿ ನಿಂತಿದ್ದಳು.

ಕೊನೆಯ ಲೋಟದಲ್ಲಿ ಆರು ಬೊಟ್ಟಿನದು ಸುತ್ತು ಹಾಕುತ್ತಿತ್ತು. ಚಲಪತಿಗೆ ಹೇಳಲೆಂದು ಒಳ್ಳೆಯ ಮಾತೊಂದನ್ನು ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಅಮ್ಮಾಜಮ್ಮ, ಮಂಡಿಯೂರಿ ಹೊಂಗೆಕಡ್ಡಿಯನ್ನು ಒಳಗೆ ಇಳಿಬಿಟ್ಟಳು. ಅದು ಹತ್ತಿತು, ಜಾರಿತು, ಮತ್ತೆ ಹತ್ತಿತು. ಅಂಚಿಗೆ ಬಂದು ನಿಂತು, ಮೈಯೆಲ್ಲ ಧೂಳಾಗಿ, ಮುಂಗಾಲಿನಿಂದ ಮೀಸೆ ಒರೆಸಿಕೊಂಡಿತು.

ಚಲಪತಿಗೆ ಹೇಳಬೇಕೆಂದಿದ್ದ ಮಾತು ಅವಳಿಗೆ ಮರೆತೇಹೋಯಿತು.

"ಬಂದ್ರಾ?" ಎಂದಳು.