ಉಬ್ಬಿದ ಬ್ರೇಕ್ ಪೈಪು

“ಬ್ರೇಕ್ ಒತ್ತು ನೋಡೋಣ,” ಎಂದು ಹೆಂಡತಿಗೆ ಹೇಳಿ, ನಮ್ಮ ಹಳೆಯ ಕಾರಿನ ಮುಂದಿನ ಗಾಲಿಯ ಹಿಂದೆ ಬಗ್ಗಿ ನೋಡಿದೆ. ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಪೈಪು ವಟಗುಟ್ಟುವ ಕಪ್ಪೆಯ ಗಂಟಲಿನಂತೆ ಉಬ್ಬಿತು. ಕಾಲು ತೆಗೆದಾಗ ಇಳಿಯಿತು. ಕಣ್ಣನ್ನು ನಂಬದೆ ಮತ್ತೆ ಒತ್ತಿಸಿದೆ. ಮತ್ತೆ ಉಬ್ಬಿತು.

ನರೇಗಲ್ಲಿನ ನಮ್ಮ ಅಂಗಳದಲ್ಲಿ ನಿಂತಿದ್ದ ಕಾಕಾ ಬೆರಗಾದರು. “ರಬ್ಬರ್ ಒಣಗಬಾರ್ದಂತ ಪ್ರತಿ ಅಮಾಸಿ ಪೂಜಿಗೆ ನಾನ ಅದಕ್ಕ ಇಂಜಿನ್ ಆಯಿಲ್ ತಿಕ್ಕತೀನಲ್ಲೋ, ಚಕ್ಕಡಿ ಗಾಲಿಗೆ ಹಚ್ಚಿದಂಗ!”

ಆ ಎಣ್ಣೆಯೇ ರಬ್ಬರನ್ನು ಮೆತ್ತಗೆ ಮಾಡಿತ್ತು. ಹೆಂಡತಿ ಇಳಿದು ಬಂದು ನೋಡಿದಳು. “ನಿನ್ನಿ ಗಜೇಂದ್ರಗಡದ ಗುಡ್ಡ ಇಳಿದದ್ದು ಇದನ್ನ ನಂಬಿ ಏನ್ರಿ? ಅತ್ತಿ, ಮಕ್ಕಳು ಎಲ್ಲಾರೂ ಒಳಗಿದ್ರಲ್ರಿ!” ಕಾಕಾ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಅಂದೇ ಪೈಪುಗಳನ್ನೆಲ್ಲ ಬದಲಿಸಿದೆವು. ಬೆರಳು ದಪ್ಪದ ಆ ರಬ್ಬರು ಅಷ್ಟು ಜೀವಗಳನ್ನು ಹೇಗೆ ಹಿಡಿದಿತ್ತೋ, ನನಗೆ ಇನ್ನೂ ಸೋಜಿಗ. ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಒಮ್ಮೆ ಆಳಕ್ಕೆ ಹೋಗಿತ್ತು ಎಂದು ನೆನಪು. ಅದು ನಿಜವೋ, ಭಯ ಆಮೇಲೆ ಸೇರಿಸಿದ್ದೋ ಹೇಳಲಾರೆ. ಖಚಿತವಾಗಿ ನೆನಪಿರುವುದು ಹಿಂದಿನ ಸೀಟಿನಿಂದ ಮಕ್ಕಳು ಕೂಗುತ್ತಿದ್ದ ಮಾತು ಮಾತ್ರ: “ಅಪ್ಪಾ, ಇನ್ನೂ ಜೋರ್ ಬಿಡು!”