ಹಿಂದಿನ ಚಕ್ರ ಹೊತ್ತು ಕುಣಿಗಲ್ಲಿಗೆ

ಹೊಸ ಚೈನು ಹಾಕಿಸಿದ ಮಾರನೆಯ ಬೆಳಿಗ್ಗೆಯೇ ಬಿದ್ದೆ. ಪಾಠ ಮಾಡಲು ಶಾಲೆಗೆ ಹೊರಟಿದ್ದೆ. ಏರಿನಲ್ಲಿ ಎದ್ದು ನಿಂತು ಪೆಡಲ್ ಒತ್ತಿದೆ ನೋಡಿ, ಚೈನು ಕಟಕಟ ಎಂದು ಹಿಂದಿನ ಚಕ್ರದ ಹಲ್ಲಿನ ಮೇಲಿಂದ ಜಾರಿತು, ನಾನು ಸೈಕಲ್ ಸಮೇತ ರಸ್ತೆಯ ಪಕ್ಕಕ್ಕೆ ಉರುಳಿದೆ. ಮಂಡಿ ತರಚಿ ಚೂಡಿದಾರ್ ಹರಿಯಿತು. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ನಿಲ್ಲಿಸಿದ. ಎತ್ತುತ್ತಾನೆ ಅಂದುಕೊಂಡರೆ ಬುದ್ಧಿ ಹೇಳಿದ: "ಈ ವಯಸ್ಸಲ್ಲಿ ನಿಮ್ಗೆ ಸೈಕಲ್ ಯಾಕ್ ಬೇಕಿತ್ತು ಮೇಡಂ?"

ಬೇಕಿತ್ತು, ಅದಕ್ಕೇ ಕೊಂಡಿದ್ದೆ. ಅದಕ್ಕೂ ಮುಂಚೆ ನಾನು ಎಲ್ಲಿಗೆ ಹೋಗಬೇಕಾದರೂ ಗಂಡನ ಸ್ಕೂಟರಿನ ಹಿಂದೆ ಕೂರಬೇಕಿತ್ತು. ಅವರ ಸ್ನಾನ ಮುಗಿಯಬೇಕು, ಪೇಪರ್ ಮುಗಿಯಬೇಕು, ದಾರಿಯಲ್ಲಿ ಸಿಕ್ಕ ಸ್ನೇಹಿತರ ಜೊತೆ ಮಾತು ಮುಗಿಯಬೇಕು. ನಾನು ಬ್ಯಾಗು ತಬ್ಬಿಕೊಂಡು ಪಾರ್ಸೆಲ್ಲಿನಂತೆ ಕೂತಿರುತ್ತಿದ್ದೆ. ನನ್ನ ಸಂಬಳದಲ್ಲಿ ಒಂಬತ್ತು ಸಾವಿರ ಕೊಟ್ಟು ಗೇರ್ ಸೈಕಲ್ ತಂದ ದಿನದಿಂದ ತುಮಕೂರಿನ ಮರಳೂರು ಬಡಾವಣೆಯ ಮನೆಯಿಂದ ನನಗೆ ಬೇಕಾದ ಹೊತ್ತಿಗೆ ಹೊರಟಿದ್ದೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಯಾವ ಕೆಲಸವೂ ಇಲ್ಲದೆ ಕೆರೆ ಕಡೆ ಒಂದು ಸುತ್ತು ಹೋಗಿ ಬಂದಿದ್ದೂ ಉಂಟು.

ಕುಂಟುತ್ತಾ ಸೈಕಲ್ ತಳ್ಳಿಕೊಂಡು ಪೇಟೆಯ ದೊಡ್ಡ ಅಂಗಡಿಗೆ ಹೋದೆ. ಅಂಗಡಿಯವನು ಬಗ್ಗಿ ಸಹ ನೋಡಲಿಲ್ಲ.

"ಸವೆದಿರೋ ಹಲ್ಲಿಗೆ ಹೊಸ ಚೈನ್ ಕೂರಲ್ಲ ಮೇಡಂ. ಚೈನು, ಹಿಂದಿನ ಫ್ರೀವೀಲು, ಮುಂದಿನ ಚೈನ್‌ವೀಲು ಎಲ್ಲಾ ಒಟ್ಟಿಗೇ ಚೇಂಜ್ ಮಾಡ್ಬೇಕು. ಹಿಂದಿನ ಚಕ್ರಾನೂ ಆಡ್ತಿದೆ, ಪೂರ್ತಿ ಹೊಸದೇ ಹಾಕಿ. ಐದು ಸಾವಿರ ಆಗುತ್ತೆ."

ಹಾಳಾಗಿದ್ದನ್ನು ಮಾತ್ರ ಬಿಡಿಯಾಗಿ ಕೊಡಿ ಎಂದೆ.

"ಲೂಸ್ ಬರಲ್ಲ. ಸೆಟ್ಟೇ ಬರೋದು."

ಸಾಯಂಕಾಲ ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ನನ್ನ ಗಂಡ ಚಹಾ ಲೋಟ ಕೆಳಗಿಟ್ಟು ತೀರ್ಪು ಕೊಟ್ಟೇಬಿಟ್ಟರು. "ಐದು ಸಾವಿರಾನಾ? ಸೈಕಲ್ಲಿಗಾ? ಸುಮ್ನೆ ಗುಜರಿಗೆ ಹಾಕು. ಹೆಂಗಿದ್ರೂ ಆಫೀಸಿಗೆ ಹೋಗೋವಾಗ ನಿನ್ನ ಬಿಟ್ಟೇ ಹೋಗ್ತೀನಿ."

ನನ್ನ ಮೈ ಉರಿದುಹೋಯಿತು. ಅದೇ ತಿಂಗಳು ಅವರ ಸ್ಕೂಟರಿಗೆ ಸರ್ವೀಸು, ಟೈರು, ಬ್ಯಾಟರಿ ಎಂದು ಅದಕ್ಕಿಂತ ಹೆಚ್ಚೇ ಸುರಿದಿದ್ದರು. ಆಗ ಮನೆಯಲ್ಲಿ ಯಾರೂ ತುಟಿಪಿಟಕ್ ಅಂದಿರಲಿಲ್ಲ. ಸ್ಕೂಟರಿಗೆ ಆದರೆ ಅದು ಖರ್ಚು, ನನ್ನ ಸೈಕಲ್ಲಿಗೆ ಆದರೆ ಅದು ದುಂದು. ಹಾಗಂತ ಹೇಳಿಯೂ ಹೇಳಿದೆ. "ನಿಂಗೆ ಒಳ್ಳೇದು ಹೇಳಿದ್ರೂ ತಪ್ಪೇ" ಎಂದು ಟೀವಿ ಹಾಕಿದರು.

ಮರುದಿನ ಶಾಲೆ ಮುಗಿದ ಮೇಲೆ ಬಸ್ಸು ಹತ್ತಿ ಗುಬ್ಬಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಅಂಗಡಿಯಲ್ಲಿ ಗೇರ್ ಸೈಕಲ್ ಎಂದ ಕೂಡಲೇ ಇಲ್ಲವೆಂದು ಕೈ ಆಡಿಸಿಬಿಟ್ಟರು. ಶಾಲೆಯಲ್ಲಿ ನನ್ನ ಜೊತೆಯ ಮೇಡಂ ಒಬ್ಬರ ತವರು ಕುಣಿಗಲ್. ಅಲ್ಲೊಂದು ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತದೆ ಎಂದು ಅವರು ಹೇಳಿದ್ದರು. ಶನಿವಾರ ಮಧ್ಯಾಹ್ನ ಹಿಂದಿನ ಚಕ್ರ ಬಿಚ್ಚಿಸಿಕೊಂಡು, ತೆಗೆಸಿಟ್ಟಿದ್ದ ಹಳೆಯ ಸವೆದ ಚೈನನ್ನು ಕವರಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಚಕ್ರಕ್ಕೂ ಲಗೇಜು ಟಿಕೆಟ್ ಹರಿದ. ಅದನ್ನು ಬಾಗಿಲ ಹತ್ತಿರ ಇಡಬೇಡಿ ಎಂದ, ಸೀಟಿನ ಮೇಲೂ ಇಡಬೇಡಿ ಎಂದ. ಹಾಗಾದರೆ ನಿಮ್ಮ ತಲೆ ಮೇಲಿಡಲಾ ಎಂದು ಕೇಳಿದೆ. ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡೆ. ಕಪ್ಪು ಜಿಡ್ಡು ಬಟ್ಟೆಗೆಲ್ಲ ಮೆತ್ತಿತು.

ಕುಣಿಗಲ್ಲಿನ ಅಂಗಡಿಯವರು ಚಕ್ರ ತಿರುಗಿಸಿ ನೋಡಿದರು, ಚೈನನ್ನು ಮೂಗಿನ ಹತ್ತಿರ ಹಿಡಿದರು, ಮುಖ ಸಿಂಡರಿಸಿದರು.

"ಕೊಬ್ರಿ ಎಣ್ಣೆ ಬುಟ್ಟಿದೀರಲ್ಲಕ್ಕಾ. ತೋಟ ಇರೋರ ಮನೆ ಸೈಕಲ್ಲೆಲ್ಲಾ ಇದೇ ಕತೆ. ಎಣ್ಣೆಗೆ ಧೂಳು ಮೆತ್ಕೊಂಡು ಹಲ್ಲನ್ನೆಲ್ಲಾ ಅರೆದು ತಿಂದಾಕ್ಬುಡ್ತದೆ."

ಎಣ್ಣೆ ಬರುತ್ತಿದ್ದುದು ನಿಟ್ಟೂರಿನಲ್ಲಿರುವ ನಮ್ಮ ಭಾವನವರ ತೋಟದಿಂದ, ಕ್ಯಾನುಗಟ್ಟಲೆ. ತಲೆಗೆ, ದೀಪಕ್ಕೆ, ಬಾಗಿಲಿನ ಕೀಲಿಗೆ ಎಲ್ಲಕ್ಕೂ ಅದೇ. ಶುಕ್ರವಾರ ಸ್ಕೂಟರ್ ತೊಳೆದಾದ ಮೇಲೆ ನನ್ನ ಗಂಡ ನನ್ನ ಚೈನಿಗೂ ಧಾರಾಳವಾಗಿ ಅದನ್ನೇ ಸುರಿಯುತ್ತಿದ್ದರು. ನಾನು ಕೇಳಿಕೊಂಡಿರಲಿಲ್ಲ, ಅವರಾಗಿಯೇ ಪ್ರೀತಿಯಿಂದ ಮಾಡುತ್ತಿದ್ದ ಕೆಲಸ. ಸ್ಕೂಟರಿಗೆ ಮಾತ್ರ ಕಂಪನಿಯ ಎಣ್ಣೆಯೇ ಆಗಬೇಕು. ಬೈಯೋಣವೆಂದರೆ ಉಪಕಾರ ಮಾಡಿದವರನ್ನು ಬೈದಂತಾಗುತ್ತದೆ, ಬಿಡೋಣವೆಂದರೆ ಹೊಟ್ಟೆ ಉರಿಯುತ್ತದೆ.

ಮುಂದಿನ ಚೈನ್‌ವೀಲಿಗೆ ಇಷ್ಟು ಬೇಗ ಏನೂ ಆಗಿರುವುದಿಲ್ಲ, ಹಾಕಿ ಒಂದೇ ದಿನವಾದ ಹೊಸ ಚೈನೂ ಚೆನ್ನಾಗಿಯೇ ಇರುತ್ತದೆ, ಅದನ್ನೇ ಹಾಕಿಕೊಳ್ಳಿ ಎಂದರು. ಹಲ್ಲು ಸವೆದ ಫ್ರೀವೀಲ್ ಬದಲಾಯಿಸಿ, ಚಕ್ರದ ನಡುವಿನ ಹಬ್ಬಿನೊಳಗೆ ಹೊಸ ಗುಂಡುಗಳನ್ನು ತುಂಬಿಸಿ, ಸಡಿಲವಾದ ಕಡ್ಡಿಗಳನ್ನು ಬಿಗಿದು ಕೊಟ್ಟರು. ಎಲ್ಲ ಸೇರಿ ಒಂದೂವರೆ ಸಾವಿರದೊಳಗೇ ಮುಗಿಯಿತು. ಪೇಟೆಯ ಅಂಗಡಿಯವನನ್ನು ತುಮಕೂರಿಗೆ ಮರಳುವ ಬಸ್ಸಿನಲ್ಲಿ ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ.

ಭಾನುವಾರ ಗಂಡ ನಿಟ್ಟೂರಿಗೆ ಹೋಗಿದ್ದಾಗ ನಮ್ಮ ರಸ್ತೆಯ ಪಂಕ್ಚರ್ ಅಂಗಡಿಯವರು ಚಕ್ರ ಜೋಡಿಸಿಕೊಟ್ಟರು. ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ನಿಂತಿದ್ದು ನೋಡಿ ನನ್ನ ಗಂಡ ಪೇಪರ್ ಮಡಿಸಿದರು. ನಡೆದದ್ದನ್ನು ಹೇಳಿದೆ.

"ಚಕ್ರ ಹೊತ್ಕೊಂಡು ಕುಣಿಗಲ್ಲಿಗೆ ಬಸ್ಸಲ್ಲಿ ಹೋಗಿದ್ಯಾ? ನಂಗೊಂದು ಮಾತು ಹೇಳಿದ್ರೆ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಿರ್ಲಿಲ್ವಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನೋವಾಗಿತ್ತು ಅವರಿಗೆ. ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು.

"ಕರ್ಕೊಂಡು ಹೋಗ್ತಿದ್ರಿ ರೀ. ಅದಕ್ಕೇ ಹೇಳ್ಲಿಲ್ಲ" ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಕೇಳುತ್ತಾ ಕೂರಲು ನನಗೆ ಪುರಸೊತ್ತಿರಲಿಲ್ಲ. ಶಾಲೆಗೆ ಹೊತ್ತಾಗಿತ್ತು.