ಗಂಗಾಂಬಿಕಾ ಓದಿದ ಚೀಟಿ

ಮೂವತ್ತೆಂಟು ವರ್ಷ ಮಕ್ಕಳ ಕಾಪಿ ಬರಹಕ್ಕೆ ಕೆಂಪು ಶಾಯಿ ಹಚ್ಚಿದ ಮಾಸ್ತರ ನಾನು. ಡಾಕ್ಟರರ ಚೀಟಿ ಕಂಡರೆ ಇಂದಿಗೂ ಮೈ ಉರಿಯುತ್ತದೆ. ಕಾಗೆಕಾಲು ಗುಬ್ಬಿಕಾಲು ಅನ್ನೋಣವೆಂದರೆ ಆ ಪಾಪದ ಹಕ್ಕಿಗಳಿಗೆ ಅವಮಾನ. ನಮ್ಮ ಮಹಾಲಿಂಗಪುರದ ಡಾಕ್ಟರ್ ಕಲ್ಮೇಶ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವನು. ಸಾಲದ್ದಕ್ಕೆ ಮೂರನೇ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿಯೇ. ಆಗ ಅವನ ಅಕ್ಷರಗಳು ದುಂಡಗಿದ್ದವು ಎಂದು ಆಣೆ ಮಾಡಿ ಹೇಳಿದರೂ ಊರಲ್ಲಿ ಯಾರೂ ನಂಬುವುದಿಲ್ಲ.

ಅವನ ಚೀಟಿ ಓದಬಲ್ಲವಳು ಊರಿಗೆಲ್ಲ ಒಬ್ಬಳೇ. ಬಸ್ ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿಯ ಗಂಗಾಂಬಿಕಾ. ಅವಳ ತಂದೆ ಚನಮಲ್ಲಪ್ಪ ಬೆಲ್ಲದ ವ್ಯಾಪಾರಿ. ಬೆಲ್ಲದ ಬಣ್ಣ ನೋಡಿಯೇ ಅದು ಯಾರ ಗಾಣದ್ದು ಎಂದು ಹೇಳುತ್ತಿದ್ದನಂತೆ. ಮಗಳು ಔಷಧಿ ಶಾಸ್ತ್ರ ಕಲಿತು, ಇಪ್ಪತ್ತೆರಡು ವರ್ಷದಿಂದ ಆ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದಾಳೆ. ಗಂಡ ಸಮೀರವಾಡಿ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು.

ಬಿ.ಪಿ. ಗುಳಿಗೆಯ ನೆಪ ಮಾಡಿಕೊಂಡು ನಾನು ದಿನಾ ಅವಳ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ. ಈ ಹೆಂಗಸು ಹೇಗೆ ಓದುತ್ತಾಳೆ ಎಂಬುದೊಂದೇ ನನಗೆ ಬೇಕಿತ್ತು. ಕೊನೆಗೆ ಕೇಳಿಯೇಬಿಟ್ಟೆ.

“ನಾ ಅಕ್ಷರಾ ಓದೂದಿಲ್ರೀ ಸರ್,” ಎಂದಳು. “ಮೊದಲ ಏನ ಆಗೇತಿ ಅಂತ ಕೇಳ್ತೀನಿ. ಹೊಟ್ಟಿ ಕೆಟ್ಟಾಂವ ಮೊಳಕಾಲ ಗುಳಗಿ ಯಾಕ ತಗೋತಾನ? ಆಮ್ಯಾಲ ಯಾವ ಡಾಕ್ಟರು ಅಂತ ನೋಡ್ತೀನಿ. ಒಬ್ಬೊಬ್ಬರು ದಿನಾ ಬರ್ಯೂದು ಮೂವತ್ತ ನಾಲ್ವತ್ತ ಔಷಧ ಅಷ್ಟ. ಸಂಶೇ ಬಂದ್ರ ಫೋನ್ ಹಚ್ಚತೀನಿ.”

“ಕೇಳಾಕ ನಾಚಿಕಿ ಆಗೂದಿಲ್ಲೇನವಾ?”

“ಬರದವ್ರಿಗಿ ಆಗಬೇಕ್ರಿ ನಾಚಿಕಿ, ನನಗ್ಯಾಕ?”

ಅಷ್ಟಕ್ಕೇ ನನ್ನ ಕುತೂಹಲ ತಣಿಯಲಿಲ್ಲ. ಡಾಕ್ಟರ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಚೀಟಿ ಹಿಡಿದೆ. ಇದು ಮುಧೋಳದವರದು, ಇದು ಜಮಖಂಡಿಯವರದು, ಇದನ್ನು ಊಟಕ್ಕೆ ಏಳುವ ಅವಸರದಲ್ಲಿ ಬರೆದಿದ್ದಾರೆ ಎಂದು ಪಟಪಟ ಹೇಳಿದಳು. ನಾನು ಮಾಸ್ತರನಾಗಿ ನೂರಾರು ಮಕ್ಕಳ ಕೈಬರಹ ಗುರುತು ಹಿಡಿದವನು. ಆದರೂ ಸೋತೆ, ಸೋತದ್ದಕ್ಕೆ ಖುಷಿಯೇ ಆಯಿತು.

ಹೋದ ಡಿಸೆಂಬರಿನ ಒಂದು ಬೆಳಿಗ್ಗೆ ಗಿರಾಕಿಗಳಿಲ್ಲದ ಹೊತ್ತು ನೋಡಿ, ಗಂಗಾಂಬಿಕಾ ತನ್ನ ಮೊಬೈಲು ನನ್ನ ಕೈಗಿಟ್ಟಳು. ಬಂದ ಚೀಟಿಗಳ ಫೋಟೊ ತೆಗೆದಿಡುವುದು ಅವಳ ರೂಢಿ. ಅದರಲ್ಲಿ ಕಲ್ಮೇಶನ ಮೂರು ಚೀಟಿಗಳಿದ್ದವು: ಎರಡು ವರ್ಷದ ಹಿಂದಿನದು, ಹೋದ ವರ್ಷದ್ದು, ಆ ವಾರದ್ದು. ಮೊದಲನೆಯದರಲ್ಲಿ ಅಕ್ಷರಗಳು ಹಾಳೆ ತುಂಬ ಹರಿದಾಡಿದ್ದವು. ಎರಡನೆಯದರಲ್ಲಿ ಕುಗ್ಗಿದ್ದವು. ಮೂರನೆಯದರಲ್ಲಿ ಸಾಲು ದೊಡ್ಡದಾಗಿ ಶುರುವಾಗಿ, ಹೋಗ್ತಾ ಹೋಗ್ತಾ ಸಣ್ಣಗಾಗಿ, ಕೊನೆಗೆ ಇರುವೆ ಸಾಲಾಗಿತ್ತು.

“ಇದು ಅವಸರದ್ದಲ್ರಿ. ನರದ ಜಡ್ಡಿನಾಗ ಹಿಂಗ ಆಕ್ಕೈತಿ ಅಂತ ಓದೇನಿ. ಪಾರ್ಕಿನ್ಸನ್ ಅಂತಾರ.”

“ಅವಗ ಗೊತ್ತಾಗಿಲ್ಲೇನ? ಡಾಕ್ಟರ್ ಅದಾನ!”

“ತಾವ ಬರದದ್ದ ತಾವು ಯಾವಾಗ ಓದ್ಯಾರ್ರಿ?”

ಹೇಳುವುದು ಸುಲಭವಾಗಿರಲಿಲ್ಲ. ಕಲ್ಮೇಶನಿಗೆ ಹೆಸರು ಬಂದದ್ದೇ ಕೈಗುಣದಿಂದ. ಬೀಳಗಿಯಿಂದಲೂ ಜನ ನಾಲ್ಕು ದವಾಖಾನೆ ದಾಟಿ ಅವನ ಬಳಿ ಬರುತ್ತಾರೆ. ಆ ಕೈಗೇ ಜಡ್ಡು ಎಂದು ಗೊತ್ತಾದರೆ ನಾಳೆ ಬಾಗಿಲಿಗೆ ಯಾರು ಬಂದಾರು? ಹೇಳದೆ ಬಿಟ್ಟರೆ ಜಡ್ಡು ಬೆಳೆಯುತ್ತದೆ. ಯಾರೋ ಆ ಚೀಟಿ ಹಿಡಿದು ಬೇರೆ ಅಂಗಡಿಗೆ ಹೋಗಿ, ತಪ್ಪು ಗುಳಿಗೆ ನುಂಗಿದರೆ ಮುಗಿಯಿತು. ಗಂಗಾಂಬಿಕಾಗೆ ನಿದ್ದೆ ಬಿಟ್ಟುಹೋಗಿತ್ತು. “ನೀವು ಕಲಿಸಿದವ್ರು. ನೀವ ಹೇಳ್ರಿ ಸರ್,” ಎಂದಳು.

ಮರುದಿನ ಇಬ್ಬರೂ ದವಾಖಾನೆಗೆ ಹೋದೆವು. ಜೀವಮಾನವೆಲ್ಲ ಬೈದೇ ಬದುಕಿದ ನನಗೆ ಅಲ್ಲಿ ಬಾಯಿಯೇ ಏಳಲಿಲ್ಲ. ಗಂಗಾಂಬಿಕಾ ಮೊಬೈಲನ್ನು ಮೇಜಿನ ಮೇಲೆ ಸರಿಸಿದಳು. ಫೋಟೊಗಳಲ್ಲಿ ಹೆಸರಿನ ಭಾಗ ಕತ್ತರಿಸಿದ್ದಳು.

“ಇವು ಮೂರೂ ಒಬ್ಬರ ಕೈಬರಹ, ಎರಡ ವರ್ಷದಾಗಿನವು. ಬರದವ್ರಿಗಿ ಏನರೆ ಜಡ್ಡ ಐತೇನ ನೋಡ್ರಿ ಸರ್.”

ಕಲ್ಮೇಶ ಕನ್ನಡಕ ಏರಿಸಿ ಮೂರನ್ನೂ ನೋಡಿದ. “ನೋಡಿದ್ರ ಪಾರ್ಕಿನ್ಸನ್ ಇದ್ದಂಗ ಕಾಣತೈತಿ. ಲಗೂನ ನರದ ಡಾಕ್ಟರ ಕಡೆ ಕಳಸ್ರಿ. ಯಾರಿಂವಾ? ಎಷ್ಟ ಹೊಲಸ ಬರೀತಾನ!”

ಗಂಗಾಂಬಿಕಾ ತಲೆ ತಗ್ಗಿಸಿದಳು. ನಾನೇ ಹೇಳಬೇಕಾಯಿತು: “ನೀನ ಅಪ್ಪಾ.”

ಅವನು ನಗಲು ಹೋಗಿ ನಿಲ್ಲಿಸಿದ. ಎದುರಿಗಿದ್ದ ಚೀಟಿ ಪುಸ್ತಕ ನೋಡಿದ, ಆಮೇಲೆ ತನ್ನ ಬಲಗೈ ನೋಡಿಕೊಂಡ. “ಒಂದೀಟ ನಡಗತಿತ್ತು. ವಯಸ್ಸಾತು ಅಂತ ಬಿಟ್ಟಿದ್ದೆ,” ಎಂದ. ಎಂಟು ವರ್ಷದ ಹುಡುಗನ ಮುಖ ನನಗೆ ಕಂಡಿತು.

ಅಷ್ಟರಲ್ಲಿ ಪರದೆ ಸರಿಸಿ ಮುಂದಿನ ಪಾಳಿಯ ಹಣಮವ್ವ ಒಳಗೆ ಬಂದಳು. ಸಮೀರವಾಡಿ ಕಡೆಯ ಕುರುಬರ ಮುದುಕಿ, ಬೆನ್ನುನೋವು. ಕಲ್ಮೇಶ ರೂಢಿಯಂತೆ ನೋಡಿ, “ಸೂಜಿ ಮಾಡ್ಲೇನ ಆಯಿ?” ಎಂದ.

“ಬ್ಯಾಡ್ರೀ ಸಾಹೇಬ್ರ. ಗುಳಗಿ ಬರೀರಿ.”

ನಮ್ಮ ಕಡೆ ಸೂಜಿ ಚುಚ್ಚದ ಡಾಕ್ಟರನನ್ನು ಡಾಕ್ಟರ್ ಅನ್ನುವುದೇ ಇಲ್ಲ. ಕಲ್ಮೇಶನಿಗೂ ಏನೋ ಹೊಳೆದಿರಬೇಕು. “ನಿಮ್ಮ ಊರವ್ರು ಇತ್ತೀಚಿಗಿ ಯಾರೂ ಸೂಜಿ ಕೇಳೂದ ಇಲ್ಲಲ್ಲ. ಯಾಕ?”

ಮುದುಕಿ ಸೆರಗು ಸರಿಪಡಿಸಿಕೊಂಡಳು. “ನಿಮ್ಮ ಕೈ ನಡಗತೈತಲ್ರೀ. ತ್ರಾಸ ಕೊಡೂದ ಬ್ಯಾಡ ಅಂತ ನಾವ ಮಾತಾಡ್ಕೊಂಡೇವಿ. ಬರೇ ಗುಳಗಿ ಕೇಳೂದು.”

“ಗೊತ್ತಿದ್ದೂ ನನ್ನ ಕಡೇನ ಬರ್ತೀರಿ?”

“ಮತ್ತೆಲ್ಲಿ ಹೋಗೂಣ್ರಿ? ನಮಗ ಜಡ್ಡ ಬಂದಾಗ ನೀವ ನಮ್ಮನ್ನ ಬಿಟ್ಟೀರೇನ?”

ಕಲ್ಮೇಶ ಪೆನ್ನನ್ನೂ ಪುಸ್ತಕವನ್ನೂ ಗಂಗಾಂಬಿಕಾಳ ಕಡೆ ಸರಿಸಿ, ಹಣಮವ್ವನ ಗುಳಿಗೆಗಳನ್ನು ಒಂದೊಂದಾಗಿ ಹೇಳಿ ಬರೆಸಿದ. ಕೆಳಗೆ ತಾನು ಸಹಿ ಹಾಕಿದ. ಮುದುಕಿ ಚೀಟಿ ತೆಗೆದುಕೊಂಡು ಹೋದಳು.

“ಇನ್ನೊಂದ ಹಾಳಿ ತಗೋರಿ,” ಎಂದ ಗಂಗಾಂಬಿಕಾಗೆ. “ಬೆಳಗಾವಿ ನರದ ಡಾಕ್ಟರಗ ಪತ್ರ. ಪೇಶಂಟನ ಹೆಸರ ಕಲ್ಮೇಶ, ವಯಸ್ಸು ಐವತ್ತೇಳು. ಬಿಡಿಸಿ ಬರೀರಿ, ಅವ್ರಿಗಿ ಓದಾಕ ಬರಬೇಕು.”